ಈ ವಾರ ಯಾವ ಸಿನಿಮಾ? ಬೆಳಗಾವಿ ಬಳಗದ ಎರಡು ಅಂಕಗಳ ಲೆಕ್ಕ

ಹತ್ತಕ್ಕೆ ಎಂಟು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಎಲ್ಲಿ ಕೂತು ನೋಡಿದ್ರಿ ಅಂತ. ‘ಕೆಜಿಎಫ್ 2’ಕ್ಕೂ ಎಂಟು ಕೊಡುವವರಿದ್ದಾರೆ, ‘ತಿಥಿ’ಗೂ ಎಂಟು ಕೊಡುವವರಿದ್ದಾರೆ. ಆ ಎಂಟಕ್ಕೂ ಈ ಎಂಟಕ್ಕೂ ಸಂಬಂಧವೇ ಇಲ್ಲ. ಒಂದನ್ನು ಸಿಳ್ಳೆ ಹೊಡೆಯುವ ಜನರ ನಡುವೆ, ಸ್ಪೀಕರ್ ಸದ್ದಿಗೆ ಕುರ್ಚಿ ಅದುರುತ್ತಿರುವಾಗ ನೋಡಬೇಕು. ಇನ್ನೊಂದನ್ನು ಮನೆಯಲ್ಲಿ, ಫೋನ್ ಪಕ್ಕಕ್ಕಿಟ್ಟು, ಬೇಕಾದರೆ ಒಂದು ದೃಶ್ಯ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನಗುತ್ತಾ ನೋಡಬೇಕು.

ಅದಕ್ಕೇ ನಮ್ಮ ಬಳಗದಲ್ಲಿ ಒಂದು ಸಿನಿಮಾಗೆ ಎರಡು ಅಂಕ. ಒಂದು ಥಿಯೇಟರಿಗೆ, ಒಂದು ಮನೆಗೆ. ಎರಡರ ನಡುವಿನ ಅಂತರವೇ ನಿಮಗೆ ಬೇಕಾದ ಸುದ್ದಿ. ಥಿಯೇಟರ್ 9, ಮನೆ 6 ಅಂದರೆ ಈ ವಾರವೇ ಹೋಗಿಬಿಡಿ. ಎರಡು ತಿಂಗಳು ಬಿಟ್ಟು ಟಿವಿಯಲ್ಲಿ ನೋಡಿ "ಏನೈತಿ ಇದರಾಗ?" ಅಂತ ನಮ್ಮ ಮೇಲೆ ಹರಿಹಾಯಬೇಡಿ. ಥಿಯೇಟರ್ 6, ಮನೆ 9 ಅಂದರೆ ಆರಾಮ ಕಾಯಿರಿ, ದುಡ್ಡು ಉಳಿಯುತ್ತದೆ.

ಅಂಕ ಕೊಡುವವರು ಯಾರು ಅನ್ನೋದೂ ಗೊತ್ತಿರಬೇಕು. ಟಿಳಕವಾಡಿಯ ಬ್ಯಾಂಕ್ ನೌಕರ ಒಬ್ಬ, ಮೊದಲ ದಿನ ಮೊದಲ ಶೋ ಬಿಟ್ಟವನಲ್ಲ. ಖಾನಾಪುರದಿಂದ ಬರುವ ಮೇಷ್ಟ್ರು ಒಬ್ಬರು, ಏಳು ಕೊಟ್ಟರೆ ಅದು ಅವರ ಹತ್ತು. ಶಹಾಪುರದ ಗೆಳತಿ, ಮನೆಮಾತು ಮರಾಠಿ, ಓದಿದ್ದು ಕನ್ನಡ ಶಾಲೆ, ಸಿನಿಮಾ ಯಾವ ಭಾಷೆಯಲ್ಲಿದ್ದರೂ ನಡೆಯುತ್ತದೆ. ಇನ್ನೊಬ್ಬ ಗೋಕಾಕದ ಹುಡುಗ. ಅವನು ಯಾವ ಸಿನಿಮಾಗೂ ಏಳಕ್ಕಿಂತ ಕಡಿಮೆ ಕೊಟ್ಟಿದ್ದನ್ನು ಯಾರೂ ಕಂಡಿಲ್ಲ. ಅವನ ಏಳು ಅಂದರೆ ಸಿನಿಮಾ ಮುಗೀತು ಅಂತ ಅರ್ಥ. ಮೇಷ್ಟ್ರ ಏಳನ್ನೂ ಅವನ ಏಳನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವುದು ಏಳೇ. ಆದರೆ ಅದರಿಂದ ನಿಮಗೇನು ತಿಳಿಯಿತು? ಕೆಳಗಿನ ಅಂಕಗಳು ಎಲ್ಲರೂ ಜಗಳಾಡಿ ಒಪ್ಪಿದವು. ಒಪ್ಪದ ಕಡೆ ಅದನ್ನೂ ಹೇಳಿದ್ದೇನೆ.

ಆ್ಯಪ್ ನಂಬರ್ ಎಷ್ಟು ನಂಬಬೇಕು?

ಜನ ಸಿನಿಮಾಗಳಿಗೆ ಅಂಕ ಹಾಕುವ ಐಎಂಡಿಬಿ ವೆಬ್‌ಸೈಟಿನಲ್ಲಿ ಕಾಣುವ ರೇಟಿಂಗ್ ಎಲ್ಲ ವೋಟುಗಳ ಸರಳ ಸರಾಸರಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅವರು ಬೇರೆ ಬೇರೆ ವೋಟಿಗೆ ಬೇರೆ ಬೇರೆ ತೂಕ ಹಾಕಿ ಲೆಕ್ಕ ಮಾಡುತ್ತಾರೆ, ಯಾರಿಗೆ ಎಷ್ಟು ತೂಕ ಅನ್ನುವುದನ್ನು ಹೊರಗೆ ಬಿಡುವುದಿಲ್ಲ. ಬಿಟ್ಟರೆ ಅದನ್ನೂ ಆಟ ಆಡಿಸುವವರು ಹುಟ್ಟಿಕೊಳ್ಳುತ್ತಾರೆ. ಸ್ಟಾರ್ ಸಿನಿಮಾ ಬಂದ ಮೊದಲ ದಿನಗಳಲ್ಲಿ ಅಭಿಮಾನಿಗಳು 10 ಒತ್ತುತ್ತಾರೆ, ಎದುರು ಪಾರ್ಟಿಯವರು 1 ಒತ್ತುತ್ತಾರೆ. ಹಾಗಾಗಿ ದೊಡ್ಡ ನಂಬರ್ ಬಿಟ್ಟು, ಯಾವ ಅಂಕಕ್ಕೆ ಎಷ್ಟು ವೋಟು ಅಂತ ತೋರಿಸುವ ಪಟ್ಟಿ ತೆಗೆದು ನೋಡಿ. 10ರದ್ದೂ 1ರದ್ದೂ ಉದ್ದ ಇದ್ದು ನಡುವೆ ಖಾಲಿ ಇದ್ದರೆ ಅಲ್ಲಿ ನಡೆದಿರುವುದು ಫ್ಯಾನ್ ವಾರ್. 7, 8ರ ಹತ್ತಿರ ಜಾಸ್ತಿ ವೋಟು ಇದ್ದರೆ ಜನ ನೋಡಿ, ಯೋಚಿಸಿ ಹಾಕಿದ್ದಾರೆ ಅಂತ ನಂಬಬಹುದು.

ಲೆಟರ್‌ಬಾಕ್ಸ್ಡ್ ಅನ್ನುವ ಇನ್ನೊಂದು ಸಿನಿಮಾ ರೇಟಿಂಗ್ ಆ್ಯಪ್‌ನಲ್ಲಿ ಐದು ಸ್ಟಾರ್ ಲೆಕ್ಕ, ಅರ್ಧ ಸ್ಟಾರ್ ಕೂಡ ಕೊಡಬಹುದು. ಅಲ್ಲಿನವರು ನಿಧಾನದ ಸಿನಿಮಾಗೆ ಕೈಬಿಚ್ಚಿ ಕೊಡುತ್ತಾರೆ, ಮಾಸ್ ಸಿನಿಮಾಗೆ ಜಿಪುಣರು. ನಿಮ್ಮ ರುಚಿಯೂ ಹಾಗೇ ಇದ್ದರೆ ನಂಬಿ. ಇನ್ನು ಟಿಕೆಟ್ ಆ್ಯಪ್‌ನಲ್ಲಂತೂ ಇತ್ತೀಚೆಗೆ ಕೋರ್ಟ್ ಆದೇಶ ತಂದು ರೇಟಿಂಗ್ ಕಾಲಂನ್ನೇ ಮುಚ್ಚಿಸಿದ ಸಿನಿಮಾಗಳೂ ಇವೆ. ಕೊನೆಗೆ ಉಳಿಯುವುದು ನಿಮ್ಮ ರುಚಿ ಗೊತ್ತಿರುವ ನಾಲ್ಕು ಜನರ ಮಾತು, ಅಷ್ಟೇ.

ಎರಡು ಕಾಂತಾರ: ಯಾವುದು ಮೊದಲು?

ಬಳಗದಲ್ಲಿ ಅತಿ ಹೆಚ್ಚು ಗಂಟಲು ಹರಿದದ್ದು ಇದಕ್ಕೇ. 2022ರ ಸೆಪ್ಟೆಂಬರ್ 30ಕ್ಕೆ ಬಂದ ‘ಕಾಂತಾರ’ ಮತ್ತು 2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ ಅಧ್ಯಾಯ 1’. ಎರಡಕ್ಕೂ ರಿಷಬ್ ಶೆಟ್ಟಿಯೇ ನಿರ್ದೇಶಕ, ಅವರೇ ನಾಯಕ. ಹೊಂಬಾಳೆಯವರದ್ದೇ ದುಡ್ಡು, ಅಜನೀಶ್ ಲೋಕನಾಥರದ್ದೇ ಸಂಗೀತ, ಅರವಿಂದ್ ಕಶ್ಯಪ್ ಅವರದ್ದೇ ಕ್ಯಾಮೆರಾ. ಆದರೂ ಎರಡೂ ಬೇರೆ ಬೇರೆ ಜಾತಿಯ ಸಿನಿಮಾ.

ಮೊದಲನೆಯದು ಒಂದು ಊರಿನ ಕಥೆ. ಕಂಬಳ, ಹಂದಿ ಬೇಟೆ, ಅರಣ್ಯ ಇಲಾಖೆಯವರ ಜೊತೆ ಜಗಳ, ನಗುನಗುತ್ತಲೇ ಜಮೀನು ನುಂಗಲು ನೋಡುವ ಧಣಿ. ಅಚ್ಯುತ್ ಕುಮಾರ್ ಆ ಧಣಿಯ ಪಾತ್ರದಲ್ಲಿ ಎಲ್ಲೂ ಧ್ವನಿ ಏರಿಸದೆ ಹೆದರಿಸುತ್ತಾರೆ. ಮಧ್ಯದಲ್ಲಿ ಸ್ವಲ್ಪ ಎಳೆದಿದೆ, ಪ್ರೀತಿಯ ದೃಶ್ಯಗಳು ಹಳೆ ಸಿನಿಮಾದ ಥರ ಇವೆ, ಹುಡುಗಿಯನ್ನು ಚಿವುಟುವುದೆಲ್ಲ ಈಗಲೂ ಬೇಕಿತ್ತಾ ಅಂತ ಶಹಾಪುರದ ಗೆಳತಿ ಕೇಳಿದ್ದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆದರೆ ಕೊನೆಯ ಇಪ್ಪತ್ತು ನಿಮಿಷ ಬಂತು ಅಂದರೆ ಅದುವರೆಗಿನ ಎಲ್ಲ ತಕರಾರೂ ಮರೆತುಹೋಗುತ್ತದೆ. ರಿಷಬ್‌ಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದದ್ದು ಆ ಭಾಗಕ್ಕೇ ಅಂತ ನಮ್ಮ ನಂಬಿಕೆ. ಥಿಯೇಟರ್ 10, ಮನೆ 8.

ಎರಡನೆಯದು ಕಥೆಯಲ್ಲಿ ಹಿಂದಕ್ಕೆ ಹೋಗುತ್ತದೆ, ಕದಂಬರ ಕಾಲಕ್ಕೆ. ಕಾಡಿನ ಜನ, ಬಂಗ್ರ ರಾಜ್ಯದ ಅರಮನೆ, ಬಂದರು, ವ್ಯಾಪಾರ, ಯುದ್ಧ. ಎಲ್ಲವೂ ದೊಡ್ಡದು. ಎರಡೂಮುಕ್ಕಾಲು ಗಂಟೆ ದಾಟುತ್ತದೆ. ರುಕ್ಮಿಣಿ ವಸಂತ್ ಮಾಡಿದ ಕನಕವತಿ ಪಾತ್ರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಯಾರಿಂದಲೂ ಕೇಳಿಸಿಕೊಳ್ಳದೆ ಹೋಗಿ, ಅದೇ ಈ ಸಿನಿಮಾದ ನಿಜವಾದ ಸರ್‌ಪ್ರೈಸ್. ಜಯರಾಮ್ ಕೂಡ ಛಲೋ. ಆದರೆ ಫಸ್ಟ್ ಹಾಫ್ ಕಾಮಿಡಿ ನಮಗೆ ಹಿಡಿಸಲಿಲ್ಲ, ಆ ಕಾಲದ ಜನ ಈ ಕಾಲದ ಜೋಕ್ ಹೊಡೆದ ಹಾಗೆ ಅನಿಸಿತು. ಮೊದಲನೆಯದರಲ್ಲಿ ಒಬ್ಬ ಮನುಷ್ಯನ ಮೈಮೇಲೆ ದೈವ ಬರುವುದನ್ನು ಉಸಿರು ಬಿಗಿಹಿಡಿದು ನೋಡಿದ್ದೆವು. ಇದರಲ್ಲಿ ಅದು ಮತ್ತೆ ಮತ್ತೆ ಬರುತ್ತದೆ, ಮೂರನೆ ಸಲಕ್ಕೆ ಮೈ ಜುಮ್ಮನ್ನುವುದು ಕಮ್ಮಿಯಾಗುತ್ತದೆ. ಥಿಯೇಟರ್ 9, ಮನೆ 6. ಬ್ಯಾಂಕ್ ಗೆಳೆಯ ಮನೆಗೂ 8 ಕೊಡಬೇಕು ಅಂತ ಹಠ ಹಿಡಿದ, ಅವನ ಮನೆಯಲ್ಲಿ ದೊಡ್ಡ ಸೌಂಡ್ ಸಿಸ್ಟಮ್ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡನ್ನೂ ನೋಡಿಲ್ಲವಾ? 2022ರದ್ದನ್ನೇ ಮೊದಲು ನೋಡಿ. ಕಥೆಯ ಕಾಲಕ್ರಮ ಅಂತ ಹೊಸದರಿಂದ ಶುರು ಮಾಡಿದರೆ ಹಳೆಯದು ಸಣ್ಣದಾಗಿ ಕಾಣುವ ಅಪಾಯ ಇದೆ.

ಒಂದು ಪುಟ್ಟ ಎಚ್ಚರಿಕೆ. ಈ ಸಿನಿಮಾದ ಕುಂದಾಪುರ ಕಡೆಯ ಮಾತು ನಮ್ಮ ಕಿವಿಗೆ ಸಿಗದೆ ಓಡುತ್ತದೆ. ಬಳಗದ ಇಬ್ಬರು ಕನ್ನಡ ಸಿನಿಮಾವನ್ನೇ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದ್ದಾರೆ, ಹೆಸರು ಹೇಳಬೇಡ ಅಂದಿದ್ದಾರೆ.

ಟಿಕೆಟ್ಟಾ, ಒಟಿಟಿನಾ?

ಇದನ್ನು ಮಧ್ಯದಲ್ಲೇ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, ತೆರಿಗೆ ಬೇರೆ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ದೊಡ್ಡ ಸಿನಿಮಾ ಬಂದ ವಾರ 200 ಅಂತ ಲೆಕ್ಕ ಹಾಕಿ ಮನೆಯವರನ್ನೆಲ್ಲ ಹೊರಡಿಸಬೇಡಿ, ಮೊದಲು ಆ್ಯಪ್ ತೆಗೆದು ನೋಡಿ. ಅದೇ ಹೊತ್ತಿಗೆ ಜಿಎಸ್‌ಟಿ ಕೂಡ ಬದಲಾಯಿತು. 100 ರೂಪಾಯಿವರೆಗಿನ ಟಿಕೆಟ್‌ಗೆ ಈಗ ಶೇ 5, ಮೊದಲು 12 ಇತ್ತು. ಅದಕ್ಕಿಂತ ಜಾಸ್ತಿ ಇದ್ದರೆ ಶೇ 18. ಅಂದರೆ 100ರ ಟಿಕೆಟ್ 105 ಆಗುತ್ತದೆ, 250ರ ಟಿಕೆಟ್ 295 ಆಗುತ್ತದೆ. ನಾಲ್ಕು ಜನಕ್ಕೆ 420 ಒಂದು ಕಡೆ, 1180 ಇನ್ನೊಂದು ಕಡೆ. ಪಾಪ್‌ಕಾರ್ನ್ ಮಾತು ಎತ್ತಲೇಬೇಡಿ. ನಗುವ ಸಿನಿಮಾ, ಸಿಳ್ಳೆಯ ಸಿನಿಮಾ ಇದ್ದರೆ ಸಿಂಗಲ್ ಸ್ಕ್ರೀನ್ ಬಾಲ್ಕನಿಯೇ ಲಾಭ, ಯಾಕಂದ್ರೆ ಅರ್ಧ ಮಜಾ ಕೆಳಗೆ ಕೂತ ಜನ ಕೊಡುತ್ತಾರೆ. ಸೌಂಡು, ಗ್ರಾಫಿಕ್ಸ್ ಮೇಲೆ ನಿಂತ ಸಿನಿಮಾ ಇದ್ದರೆ ಮಾತ್ರ ಮಲ್ಟಿಪ್ಲೆಕ್ಸ್‌ಗೆ ದುಡ್ಡು ಹಾಕಿ.

ಒಟಿಟಿಗೆ ಎಷ್ಟು ದಿನಕ್ಕೆ ಬರುತ್ತದೆ ಅನ್ನೋದು ಭಾಷೆಯ ಮೇಲೆ ಹೋಗುತ್ತದೆ. ‘ಕಾಂತಾರ ಅಧ್ಯಾಯ 1’ ಕನ್ನಡದಲ್ಲಿ ಅಕ್ಟೋಬರ್ 31ಕ್ಕೇ ಪ್ರೈಮ್ ವಿಡಿಯೊಗೆ ಬಂತು, ಸುಮಾರು ನಾಲ್ಕು ವಾರಕ್ಕೆ. ಹಿಂದಿಯದ್ದು ಬಂದದ್ದು ನವೆಂಬರ್ ಕೊನೆಗೆ. ಹಿಂದಿಯಲ್ಲಿ ಎಂಟು ವಾರ ಬಿಡದಿದ್ದರೆ ದೊಡ್ಡ ಮಲ್ಟಿಪ್ಲೆಕ್ಸ್ ಸರಣಿಗಳು ಪರದೆ ಕೊಡುವುದಿಲ್ಲ, ಅದಕ್ಕೆ ಈ ವ್ಯತ್ಯಾಸ. ಮನೆಯಲ್ಲಿ ಹಿಂದಿಯಲ್ಲೇ ನೋಡುತ್ತೇವೆ ಅನ್ನುವ ಹಿರಿಯರಿದ್ದರೆ ಕಾಯುವ ಲೆಕ್ಕ ದುಪ್ಪಟ್ಟು ಇಟ್ಟುಕೊಳ್ಳಿ.

ಗಡಿ ದಾಟಿದ ಆಯ್ಕೆ

ಬೆಂಗಳೂರಿನ ವಿಮರ್ಶೆ ಓದಿ ಬೆಳಗಾವಿಯವರು ಸಿನಿಮಾ ಆರಿಸಿದರೆ ಅರ್ಧ ಪಟ್ಟಿ ಕೈಬಿಟ್ಟ ಹಾಗೆ. ನಮಗೆ ಒಂದೇ ಶುಕ್ರವಾರ ಕನ್ನಡ, ಮರಾಠಿ, ಹಿಂದಿ ಮೂರೂ ಎದುರಿಗಿರುತ್ತವೆ. ಭಾಷೆಯ ಜಗಳ ಬೇರೆ ಕಡೆ ಮಾಡಿಕೊಳ್ಳಿ, ಇಲ್ಲಿ ಟಿಕೆಟ್ ಯಾವುದಕ್ಕೆ ಅಂತ ಮಾತ್ರ ನೋಡೋಣ. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ಗೆ ಹಾಡಿ ದೇಶಕ್ಕೆಲ್ಲ ಗೊತ್ತಾದವರು. ಈ ಕಡೆಯ ಜನಕ್ಕೆ ಸಿನಿಮಾ ಯಾವತ್ತೂ ಒಂದೇ ಭಾಷೆಯದ್ದಾಗಿರಲಿಲ್ಲ.

‘ದಶಾವತಾರ’ ಮರಾಠಿ ಸಿನಿಮಾ, 2025ರ ಸೆಪ್ಟೆಂಬರಿನಲ್ಲಿ ಬಂತು. ಸುಬೋಧ್ ಖಾನೋಲ್ಕರ್ ನಿರ್ದೇಶನ. ಕೊಂಕಣದ ದಶಾವತಾರ ಆಟದ ಮುದಿ ಕಲಾವಿದ, ಕಣ್ಣು ಮಂಜಾದರೂ ಬಣ್ಣ ಹಚ್ಚುವುದು ಬಿಡದವನು, ಅವನಿಗೊಬ್ಬ ಮಗ. ಎಂಬತ್ತು ದಾಟಿದ ದಿಲೀಪ್ ಪ್ರಭಾವಳ್ಕರ್ ಆ ಪಾತ್ರ ಮಾಡಿದ್ದಾರೆ, ಆ ವಯಸ್ಸಿನಲ್ಲಿ ಅಷ್ಟೆಲ್ಲ ವೇಷ. ಎಲ್ಲರೂ ಇದನ್ನು ‘ಕಾಂತಾರ’ದ ಜೊತೆ ಹೋಲಿಸುತ್ತಾರೆ, ಹೋಲಿಸುವುದು ಸಹಜವೇ. ಎರಡರಲ್ಲೂ ಜನಪದ ಆಟ, ಕಾಡು, ನೆಲದ ಮೇಲೆ ಕಣ್ಣು ಹಾಕಿದವರು. ಆದರೆ ‘ಕಾಂತಾರ’ದಲ್ಲಿ ದೈವ ಮುಂದೆ, ಮನುಷ್ಯ ಹಿಂದೆ. ಇಲ್ಲಿ ಅಪ್ಪ ಮುಂದೆ. ಸೆಕೆಂಡ್ ಹಾಫ್‌ನಲ್ಲಿ ಲಾಜಿಕ್ ಕೇಳಬಾರದ ಕೆಲವು ಜಾಗ ಇವೆ, ಅಲ್ಲಿ ಮೇಷ್ಟ್ರು ಎರಡು ಅಂಕ ಕಡಿದರು. ಫಸ್ಟ್ ಹಾಫ್‌ನ ಅಪ್ಪ-ಮಗನ ಮಾತುಗಳಿಗೆ ಅವರೇ ಒಂದು ಅಂಕ ವಾಪಸ್ ಕೊಟ್ಟರು. ಥಿಯೇಟರ್ 8, ಮನೆ 8. ನಮಗೆ ಇನ್ನೊಂದು ಲಾಭ, ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ, ಅಂದರೆ ಆ ಸಿನಿಮಾದ ಊರು ನಮಗೆ ಕುಂದಾಪುರಕ್ಕಿಂತ ಹತ್ತಿರ. ಆ ಮಳೆ, ಆ ಕೆಂಪು ಮಣ್ಣು ನೋಡಿದ್ದೇವೆ.

ಗುಂಪಿನಲ್ಲಿ ಹೆಂಗಸರೇ ಕೂತು ನೋಡುವುದಿದ್ದರೆ 2023ರ ‘ಬಾಯಿಪಣ್ ಭಾರಿ ದೇವಾ’ ಹುಡುಕಿ. ಮಾತು ಬಿಟ್ಟ ಆರು ಅಕ್ಕತಂಗಿಯರು ಮಂಗಳಾಗೌರ ಹಾಡು-ಕುಣಿತದ ಸ್ಪರ್ಧೆಗೆ ಒಂದಾಗುವ ಕಥೆ. ಸಿನಿಮಾ ಅಂತ ನೋಡಿದರೆ ಸಾಧಾರಣ. ಅತ್ತೆ, ಚಿಕ್ಕಮ್ಮ, ನಾದಿನಿ ಎಲ್ಲ ಒಟ್ಟಿಗೆ ಕೂತರೆ ಎರಡು ಅಂಕ ತಾನಾಗಿ ಏರುತ್ತದೆ. ಈಗ ಮನೆಯಲ್ಲೇ, 7.

ಛಾವಾನಾ, ರಾಯಣ್ಣನಾ?

ಎರಡೂ ಸಿನಿಮಾದ ಕೊನೆಯನ್ನು ಶಾಲೆಯಲ್ಲೇ ಓದಿದ್ದೇವೆ. ಶಿವಾಜಿಯ ಮಗ ಸಂಭಾಜಿ ಸಂಗಮೇಶ್ವರದಲ್ಲಿ ಮೊಘಲರ ಕೈಗೆ ಸಿಕ್ಕಿದ್ದು 1689ರಲ್ಲಿ. ರಾಯಣ್ಣನನ್ನು ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831ರಲ್ಲಿ. ಕೊನೆ ಗೊತ್ತಿದ್ದೂ ಕೂರಿಸುವುದೇ ಇಂಥ ಸಿನಿಮಾದ ಪರೀಕ್ಷೆ.

‘ಛಾವಾ’ ಸಂಭಾಜಿಯ ಕಥೆ, ಹಿಂದಿ, 2025ರ ಫೆಬ್ರವರಿ 14ಕ್ಕೆ ಬಂತು. ಶಿವಾಜಿ ಸಾವಂತರ ಮರಾಠಿ ಕಾದಂಬರಿ ಆಧಾರ. ವಿಕ್ಕಿ ಕೌಶಲ್ ಜೀವ ತೇಯ್ದು ಮಾಡಿದ್ದಾರೆ, ಅಕ್ಷಯ್ ಖನ್ನಾ ಔರಂಗಜೇಬನಾಗಿ ಕೂತಲ್ಲೇ ಕೂತು ಗೆಲ್ಲುತ್ತಾರೆ. ಮೊದಲ ಭಾಗದ ಯುದ್ಧಗಳು ಒಂದರ ಮೇಲೊಂದು ಬಂದು ಯಾವುದು ಯಾವ ಕೋಟೆ ಅಂತ ಗೊತ್ತಾಗುವುದಿಲ್ಲ. ಕೊನೆಯ ಚಿತ್ರಹಿಂಸೆ ತುಂಬಾ ಉದ್ದ ಇದೆ, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಇದಕ್ಕೆ ಒಂದು ಸುಲಭ ದಾರಿ ಇದೆ. 2024ರ ಕೊನೆಯಿಂದ ಸೆನ್ಸಾರ್ ಸರ್ಟಿಫಿಕೇಟಿನ ಯುಎ, ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದು ಅನ್ನೋದು, ಮೂರು ಭಾಗ ಆಗಿದೆ, 7+, 13+, 16+ ಅಂತ. ಬುಕ್ ಮಾಡುವ ಮೊದಲು ಅದನ್ನು ನೋಡಿದರೆ ಅರ್ಧಕ್ಕೆ ಮಗು ಎತ್ತಿಕೊಂಡು ಹೊರಗೆ ಬರುವ ಪ್ರಸಂಗ ಇರುವುದಿಲ್ಲ. ಥಿಯೇಟರ್ 8, ಮನೆ 6.

‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ 2012ರ ರಾಜ್ಯೋತ್ಸವದ ದಿನ ಬಂದದ್ದು, ನಾಗಣ್ಣ ನಿರ್ದೇಶನ, ದರ್ಶನ್ ರಾಯಣ್ಣ, ಜಯಪ್ರದಾ ಚೆನ್ನಮ್ಮ. ಇವತ್ತಿನ ಗ್ರಾಫಿಕ್ಸ್ ಕಣ್ಣಿಂದ ನೋಡಿದರೆ ಹಳತಾಗಿದೆ, ಕೆಲವು ಕಡೆ ನಾಟಕದ ಮಾತು ಜಾಸ್ತಿ. ಆದರೆ ಕಿತ್ತೂರು, ಸಂಗೊಳ್ಳಿ, ನಂದಗಡ ಅಂತ ಹೆಸರು ಬಂದಾಗ ನಮ್ಮ ಕಡೆಯವರು ಕೊಡುವ ಅಂಕವೇ ಬೇರೆ, ಅದನ್ನು ಮೈಸೂರಿನವರಿಗೆ ವಿವರಿಸಲು ಹೋಗಬೇಡಿ. ಮನೆ 7, ಬೈಲಹೊಂಗಲದವರಿಗೆ 9. ಹಳೆಯದು ಇಷ್ಟ ಇದ್ದರೆ 1961ರ ‘ಕಿತ್ತೂರು ಚೆನ್ನಮ್ಮ’ ಇದೆ, ಬಿ.ಆರ್. ಪಂತುಲು ಅವರದ್ದು. ಬಿ. ಸರೋಜಾದೇವಿ ಅವರ ಮಾತಿನ ಗತ್ತು ನಮ್ಮ ಅಜ್ಜಿಯಂದಿರಿಗೆ ಈಗಲೂ ನೆನಪಿದೆ.

ನಗಬೇಕು ಅಂದರೆ

‘ಸು ಫ್ರಮ್ ಸೋ’ 2025ರ ಜುಲೈ 25ಕ್ಕೆ ಬಂತು. ಜೆ.ಪಿ. ತೂಮಿನಾಡು ನಿರ್ದೇಶನ, ನಾಯಕನೂ ಅವರೇ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರು. ದೊಡ್ಡ ಸ್ಟಾರ್ ಇಲ್ಲ, ಬಾಯಿಂದ ಬಾಯಿಗೆ ಹೋಗಿಯೇ ಹೌಸ್‌ಫುಲ್ ಬೋರ್ಡು ಬಿತ್ತು. ಕರಾವಳಿಯ ಒಂದು ಊರು, ಒಬ್ಬ ಹುಡುಗನ ಮೈಮೇಲೆ ಸುಲೋಚನಾ ಅನ್ನುವ ದೆವ್ವ ಬಂದಿದೆ ಅಂತ ಊರಿಗೆ ಊರೇ ನಂಬುತ್ತದೆ. ಊರಿನ ಒಬ್ಬೊಬ್ಬರೂ ಮಜಾ ಇದ್ದಾರೆ, ಎಲ್ಲದಕ್ಕೂ ಮುಂದೆ ನಿಲ್ಲುವ ರವಿಯಣ್ಣನಂಥವನು ನಮ್ಮ ಪ್ರತಿ ಓಣಿಯಲ್ಲೂ ಒಬ್ಬ ಇರುತ್ತಾನೆ, ಅಲ್ವಾ? ಕೊನೆಗೆ ಸಿನಿಮಾ ಸ್ವಲ್ಪ ಗಂಭೀರ ಆಗುತ್ತದೆ, ಅದು ಬೇಕಿರಲಿಲ್ಲ ಅಂತ ಗೋಕಾಕದ ಹುಡುಗ, ಅದೇ ಬೇಕಿತ್ತು ಅಂತ ಗೆಳತಿ. ಥಿಯೇಟರ್ 9, ಮನೆ 7. ಒಬ್ಬರೇ ಕೂತು ನೋಡಿದರೆ 6. ಜೋಕ್ ಅರ್ಥ ಆಗುವ ಮುಂಚೆಯೇ ಪಕ್ಕದವನು ನಕ್ಕಿದ್ದಕ್ಕೆ ನೀವೂ ನಗುವ ಸಿನಿಮಾ ಇದು.

‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ 2023ರದ್ದು. ಒಂದು ರಾತ್ರಿ, ವಾರ್ಡನ್ ಸಾವು, ಹಾಸ್ಟೆಲ್ ತುಂಬಾ ಗದ್ದಲ. ಕ್ಯಾಮೆರಾ ಒಂದು ಕಡೆ ನಿಲ್ಲುವುದಿಲ್ಲ. ಕಾಲೇಜಿನವರಿಗೆ 9, ನಲವತ್ತು ದಾಟಿದವರಿಗೆ ತಲೆನೋವು. ನಮ್ಮ ಮೇಷ್ಟ್ರು ಇಂಟರ್ವಲ್‌ನಲ್ಲಿ ಚಹಾ ಕುಡಿಯಲು ಹೋದವರು ವಾಪಸ್ ಬರಲೇ ಇಲ್ಲ. ಅದೇ ವರ್ಷದ ‘ಡೇರ್‌ಡೆವಿಲ್ ಮುಸ್ತಾಫಾ’ ಅವರಿಗೆ ಹಿಡಿಸಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ತೇಜಸ್ವಿ ಓದುಗರೇ ದುಡ್ಡು ಕೂಡಿಸಿ ಮಾಡಿದ್ದು, ಶಶಾಂಕ್ ಸೋಗಾಲ್ ನಿರ್ದೇಶನ. ಕಾಲೇಜಿಗೆ ಬಂದ ಒಬ್ಬನೇ ಮುಸ್ಲಿಂ ಹುಡುಗ, ಅವನ ಮೇಲೆ ಕಣ್ಣಿಟ್ಟ ಸಹಪಾಠಿ ಅಯ್ಯಂಗಾರಿ, ಮಧ್ಯೆ ಒಂದು ಕ್ರಿಕೆಟ್ ಮ್ಯಾಚು. ಮಕ್ಕಳ ಜೊತೆ ನೋಡಲು ಈ ಮೂರರಲ್ಲಿ ಇದೇ ಬೆಸ್ಟ್. ಮನೆ 8.

‘ತಿಥಿ’ ಬೇರೆಯೇ ಥರದ ನಗು. ರಾಮ್ ರೆಡ್ಡಿ ಅವರ ಸಿನಿಮಾ, ಮಂಡ್ಯ ಕಡೆಯ ನೊದೆಕೊಪ್ಪಲು ಊರಿನದ್ದು, ನಟರಲ್ಲದ ಹಳ್ಳಿಯವರೇ ಪಾತ್ರ ಮಾಡಿದ್ದಾರೆ. ನೂರ ಒಂದು ವರ್ಷದ ಸೆಂಚುರಿ ಗೌಡ ಸತ್ತ, ಹನ್ನೊಂದನೇ ದಿನದ ಊಟಕ್ಕೆ ಮೂರು ತಲೆಮಾರು ಮೂರು ದಿಕ್ಕಿಗೆ ಓಡುತ್ತದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ಸಿನಿಮಾ ಅಂದ ತಕ್ಷಣ ಅವಾರ್ಡ್ ಪಿಕ್ಚರ್ ಅಂತ ಓಡಬೇಡಿ, ಸೆಂಚುರಿ ಗೌಡನ ಮಗ ಗಡ್ಡಪ್ಪ ಯಾವ ಸ್ಟಾರ್‌ಗೂ ಕಮ್ಮಿ ಇಲ್ಲ. ಹಿನ್ನೆಲೆ ಸಂಗೀತ ಇಲ್ಲ, ಅವಸರ ಇಲ್ಲ. ಥಿಯೇಟರ್ 6, ಮನೆ 9.

ಅಳಬೇಕು ಅಂದರೆ

‘777 ಚಾರ್ಲಿ’, ಇಲ್ಲವೇ ‘ಸಪ್ತ ಸಾಗರದಾಚೆ ಎಲ್ಲೋ’. ಎರಡರಲ್ಲೂ ರಕ್ಷಿತ್ ಶೆಟ್ಟಿ. ಮನೆಯಲ್ಲಿ ನಾಯಿ ಇದೆಯಾ? ಹಾಗಾದರೆ ನಾಯಿಯ ಕಥೆ ಹೇಳುವ ‘ಚಾರ್ಲಿ’ಯ ಕೊನೆಯ ಅರ್ಧ ಗಂಟೆ ಯೋಚಿಸಿ ನೋಡಿ. ಉದ್ದ ಜಾಸ್ತಿ, ದಾರಿಯುದ್ದಕ್ಕೂ ಕೆಲವು ಪ್ರಸಂಗ ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೂ ಮಕ್ಕಳಿಂದ ಅಜ್ಜನವರೆಗೆ ಎಲ್ಲರೂ ಕೂತು ನೋಡುವ ಕನ್ನಡ ಸಿನಿಮಾ ಎಷ್ಟಿವೆ ಹೇಳಿ. ಎರಡೂ ಕಡೆ 8.

‘ಸಪ್ತ ಸಾಗರ’ ಎರಡು ಭಾಗ, ಸೈಡ್ ಎ 2023ರ ಸೆಪ್ಟೆಂಬರ್, ಸೈಡ್ ಬಿ ನವೆಂಬರ್. ಹೇಮಂತ್ ಎಂ. ರಾವ್ ನಿರ್ದೇಶನ. ಡ್ರೈವರ್ ಮನು, ಹಾಡುವ ಪ್ರಿಯಾ, ಒಂದು ಮನೆಯ ಆಸೆಗೆ ಬೇರೆಯವರ ತಪ್ಪನ್ನು ಮನು ತಲೆಮೇಲೆ ಹಾಕಿಕೊಳ್ಳುತ್ತಾನೆ. ಸೈಡ್ ಎ ನಿಧಾನ, ಆದರೆ ಆ ನಿಧಾನ ಬೇಕು, ಜೈಲಿನ ಭೇಟಿ ದೃಶ್ಯಗಳಲ್ಲಿ ಪ್ರಿಯಾ ಪಾತ್ರದ ರುಕ್ಮಿಣಿ ವಸಂತ್ ಸುಮ್ನೆ ನಿಂತರೂ ಸಾಕು. ಚರಣ್ ರಾಜ್ ಹಾಡುಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ಥಿಯೇಟರ್ 8, ಮನೆ 9. ಸೈಡ್ ಬಿ ಬಗ್ಗೆ ಬಳಗ ಎರಡು ಹೋಳಾಗಿದೆ. ಹತ್ತು ವರ್ಷ ಆದಮೇಲೆ ಅವನು ಅವಳನ್ನು ಹಿಂಬಾಲಿಸುವುದನ್ನು ಪ್ರೀತಿ ಅನ್ನಬೇಕಾ ಅನ್ನುವುದೇ ಜಗಳ. ಚೈತ್ರಾ ಆಚಾರ್ ಪಾತ್ರಕ್ಕೆ ಮಾತ್ರ ಯಾರದ್ದೂ ತಕರಾರಿಲ್ಲ. ಥಿಯೇಟರ್ 7, ಮನೆ 6. ಎ ನೋಡಿ ಅಲ್ಲಿಗೇ ನಿಲ್ಲಿಸಿದರೂ ನಷ್ಟ ಇಲ್ಲ ಅಂತ ನನ್ನ ಅಭಿಪ್ರಾಯ, ಬೈಯುವವರು ಬೈಯಿರಿ.

ರಕ್ತ ನೋಡಲು ಅಡ್ಡಿ ಇಲ್ಲದವರಿಗೆ ‘ಗರುಡ ಗಮನ ವೃಷಭ ವಾಹನ’ ಮತ್ತು ‘ಕೆಜಿಎಫ್ 2’ ನಡುವೆ ಹೆಚ್ಚು ಯೋಚನೆ ಬೇಡ. ‘ಕೆಜಿಎಫ್’ ಥಿಯೇಟರಿನ ಸಿನಿಮಾ, ಅಲ್ಲಿ 9, ಮನೆಯಲ್ಲಿ 5. ಮಂಗಳೂರಿನ ‘ಗರುಡ’ ಎರಡೂ ಕಡೆ 8. ಮಳೆಯಲ್ಲಿ ರಾಜ್ ಬಿ. ಶೆಟ್ಟಿ ಹುಲಿವೇಷದ ಹೆಜ್ಜೆ ಹಾಕುವಾಗ ಹಿಂದೆ ‘ಸೋಜುಗಾದ ಸೂಜುಮಲ್ಲಿಗೆ’ ಹಾಡು ಬರುತ್ತದಲ್ಲ, ಆ ದೃಶ್ಯ ಒಂದಕ್ಕೇ ಟಿವಿ ಮುಂದೆ ಕೂರಬಹುದು.

ಮೂಲವಾ, ರಿಮೇಕಾ?

ಮರಾಠಿಯ ‘ಸೈರಾಟ್’ 2016ರದ್ದು, ನಾಗರಾಜ್ ಮಂಜುಳೆ ಅವರದ್ದು. ಕನ್ನಡಕ್ಕೆ 2017ರಲ್ಲಿ ‘ಮನಸು ಮಲ್ಲಿಗೆ’ ಅಂತ ಎಸ್. ನಾರಾಯಣ್ ತಂದರು, ನಾಯಕಿ ರಿಂಕು ರಾಜಗುರು ಎರಡರಲ್ಲೂ ಇದ್ದಾರೆ. ಬೆಂಗಳೂರಿನವರಿಗೆ ರಿಮೇಕ್‌ನ ಉಪಯೋಗ ಇರಬಹುದು. ಬೆಳಗಾವಿಯವರಿಗೆ ಇಲ್ಲವೇ ಇಲ್ಲ. ಸೊಲ್ಲಾಪುರ ಸೀಮೆಯ ಆ ಒಣ ನೆಲ, ಆ ಕಬ್ಬು, ಬಾವಿ, ಆ ಹುಡುಗಿಯ ಬುಲೆಟ್ ಸವಾರಿ, ಇವೆಲ್ಲ ಅಲ್ಲಿನ ಮಾತಿನ ಜೊತೆಗೇ ಬರಬೇಕು. ಮೂಲಕ್ಕೆ ಎರಡೂ ಕಡೆ 9. ರಿಮೇಕ್‌ಗೆ 5. ಕೊನೆಯ ದೃಶ್ಯ ಏನು ಅಂತ ಗೊತ್ತಿಲ್ಲದವರು ಇನ್ನೂ ಇದ್ದರೆ, ನೀವು ಪುಣ್ಯವಂತರು, ಯಾರನ್ನೂ ಕೇಳಬೇಡಿ.

ನಮ್ಮ ಮಾತಿನ ಸಿನಿಮಾ

ಈ ಪಟ್ಟಿ ಮಾಡುವಾಗ ಗೋಕಾಕದ ಹುಡುಗ ಒಂದು ಮಾತು ಅಂದ. "ಕುಂದಾಪುರ ಆತು, ಮಂಗಳೂರು ಆತು, ಮಂಡ್ಯ ಆತು, ನಮ್ಮದು ಎಲ್ಲೈತಿ?" ಹೌದಲ್ವಾ. ಕರಾವಳಿಯವರು ತಮ್ಮ ಮಾತು, ತಮ್ಮ ದೈವ, ತಮ್ಮ ಓಣಿ ಇಟ್ಟುಕೊಂಡೇ ರಾಜ್ಯ ಗೆದ್ದರು. ಉತ್ತರ ಕರ್ನಾಟಕದ ಮಾತು ಬಂದರೆ ಸಾಮಾನ್ಯವಾಗಿ ಕಾಮಿಡಿಯವನ ಬಾಯಲ್ಲಿ ಬರುತ್ತದೆ, ಇಲ್ಲವೇ ವಿಲನ್ ಬಾಯಲ್ಲಿ. ನಾಯಕ ಮಾತ್ರ ಬೆಂಗಳೂರು ಕನ್ನಡ. ಅದಕ್ಕೆ ನಮ್ಮಲ್ಲಿ ಒಂದು ನಿಯಮ ಇದೆ: ಈ ಕಡೆಯ ಮಾತನ್ನು ನಗೆಪಾಟಲು ಮಾಡದೆ ಆಡಿದ ಸಿನಿಮಾಗೆ ಅರ್ಧ ಅಂಕ ಬೋನಸ್. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ, ಪಕ್ಷಪಾತ ಅನ್ನುತ್ತಾರೆ. ಪಕ್ಷಪಾತವೇ, ಇರಲಿ.

ಆ ಬೋನಸ್ ಪೂರ್ತಿ ಸಿಕ್ಕಿದ್ದು 2024ರ ‘ಫೋಟೋ’ಗೆ. ಉತ್ಸವ್ ಗೋನವಾರ ನಿರ್ದೇಶನ. ರಾಯಚೂರು ಕಡೆಯ ಒಬ್ಬ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ, ಹುಡುಗ ಅಲ್ಲಿಗೆ ಹೋಗುತ್ತಾನೆ, ಅಷ್ಟರಲ್ಲಿ 2020ರ ಲಾಕ್‌ಡೌನ್. ಬಸ್ ಇಲ್ಲ, ರೈಲಿಲ್ಲ, ಊರಿಗೆ ನಡೆದೇ ಹೊರಡುತ್ತಾರೆ. ಕಥೆ ಇಷ್ಟೇ. ಯಾರೂ ಭಾಷಣ ಮಾಡುವುದಿಲ್ಲ, ಅಪ್ಪ-ಮಗನ ಮಾತು ನಮ್ಮ ಮನೆಯಲ್ಲಿ ಆಡಿದ ಹಾಗೇ ಇದೆ. ‘ಚಾರ್ಲಿ’ಗೆ ಅತ್ತ ಬ್ಯಾಂಕ್ ಗೆಳೆಯ ಇದಕ್ಕೆ ಅಳಲಿಲ್ಲ, ಮುಗಿದ ಮೇಲೆ ಬಹಳ ಹೊತ್ತು ಯಾರನ್ನೋ ಬೈಯುತ್ತಿದ್ದ. ನಿಧಾನ ಇದೆ, ಹಾಡು-ಫೈಟ್ ಹುಡುಕುವವರಿಗೆ ಅಲ್ಲ. ಥಿಯೇಟರ್ 6, ಮನೆ 9, ಬೋನಸ್ ಸೇರಿ ಒಂಬತ್ತೂವರೆ. ಮಕ್ಕಳಿಗೆ ತೋರಿಸಬಹುದು, ಆದರೆ ಆಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಒಂದು ಗಂಟೆ ಎತ್ತಿಡಿ. ಊಟ ಮುಗಿಸಿಯೇ ಹಾಕಿ, ತಟ್ಟೆ ಮುಂದಿಟ್ಟುಕೊಂಡು ನೋಡುವ ಸಿನಿಮಾ ಅಲ್ಲ ಇದು.